ಅರೆತಲೆ

ಜುರಾ ಬೆಟ್ಟದ ನೆಲಮಾಳಿಗೆಯಲ್ಲಿ ಸಿಡೋನಿ
ಚೀಸಿನ ಗಾಲಿಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ
ಕಿವಿಗೊಡುತ್ತಾಳೆ: ಒಳಗೆ ಬಿರುಕೆ, ಟೊಳ್ಳೆ?
ಹದಿನೆಂಟು ತಿಂಗಳು ಮಾಗಿದ್ದು. ಒಂದೇ ಚೂರು.
ರುಚಿ ನೋಡದೆ ಮುದ್ರೆ ಒತ್ತುವುದು ಹೇಗೆ?

ಸಂಜೆಗೆ ಕಣ್ಣಂಚಿನಲ್ಲಿ ಅಂಕುಡೊಂಕು ಬೆಳಕು.
ಆಮೇಲೆ ಯಾರೋ
ಅವಳ ಎಡ ಕಣತಲೆಯನ್ನೇ ತಟ್ಟಿ ತಟ್ಟಿ
ಆಲಿಸುತ್ತಾರೆ.

ಡಾಕ್ಟರು ಬರೆದ ಪಟ್ಟಿ ಅಡುಗೆಮನೆಯ ಗೋಡೆಯಲ್ಲಿದೆ.
ಕೆಂಪು ವೈನು ಬಿಟ್ಟಳು,
ಚಾಕೊಲೇಟು ತಮ್ಮನ ಮಕ್ಕಳ ಪಾಲಾಯಿತು,
ಹೊಗೆಗಿಟ್ಟ ಸಾಸೇಜಿಗೂ ಕೈಮುಗಿದಳು.
ಕೊನೆಯ ಸಾಲಿನ ಮೇಲೆ ಮಾತ್ರ
ಕ್ಯಾಲೆಂಡರು ತೂಗುಹಾಕಿದ್ದಾಳೆ.

ಕತ್ತಲ ಕೋಣೆ. ಹಣೆಗೆ ಒದ್ದೆ ಬಟ್ಟೆ.
ಅರ್ಧ ತಲೆ ನರಳುತ್ತದೆ;
ಇನ್ನರ್ಧ, ನಾಲಿಗೆಯ ಕಡೆ ವಾಲಿ,
ಲೆಕ್ಕ ಹಾಕುತ್ತದೆ:
ಮೂರನೆಯ ಸಾಲಿನದು, ಹುರಿದ ಬಾದಾಮಿಯ ವಾಸನೆ,
ಇನ್ನೆರಡು ತಿಂಗಳು ಇರಲಿ.