ಕುಲಾವಿ

ಸಾಲೋ ಊರಿನ ಫೋನ್ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಪಾರ್ಕಿಂಗ್ ಬಯಲಲ್ಲಿ ಮೊಲಗಳು ಓಡಾಡತೊಡಗಿದವು.

ಹತ್ತೊಂಬತ್ತು ವರ್ಷ ನಾನಲ್ಲಿ ಗುಂಡಿ ಒತ್ತಿದವಳು.
ಐದರ ಗುಂಡಿಯ ಮೇಲೊಂದು ಚುಕ್ಕೆ ಇರುತ್ತಿತ್ತಲ್ಲ, ಮೊಡವೆಯಷ್ಟು,
ಅದು ಬೆರಳಿಗೆ ಸಿಕ್ಕಿತೋ ಇಲ್ಲವೋ,
ಅಷ್ಟು ನೋಡಿ ಮುಂದಕ್ಕೆ ತಳ್ಳುವುದು.
ಈಗಲೂ ಬಟಾಣಿ ಸುಲಿಯುವಾಗ
ಹೆಬ್ಬೆರಳು ಐದನ್ನು ಹುಡುಕುತ್ತದೆ.

ಓಯ್ವಾ ಬಂದ, ಮೇ ತಿಂಗಳು,
ರಾತ್ರಿ ಹತ್ತಾದರೂ ಆರದ ಬೆಳಕಲ್ಲಿ.
ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ:
ಬರ್ಚ್ ಮರದ ತುಂಡು, ದೋಣಿಯ ಎಣ್ಣೆ ಹಚ್ಚಿ ಉಜ್ಜಿದ್ದು.
'ಇದು ಫೋನು. ಮನೆಗೆ ಬಂದು ಟಿವಿಗೆ ಚುಚ್ಚಿದರೆ
ಇದೇ ಕಂಪ್ಯೂಟರು. ಜೇಬಲ್ಲಿ ಇಡೀ ಕಚೇರಿ, ಹಿಲ್ಕಾ.'
'ಎಲ್ಲಿ ಚುಚ್ಚೋದು?'
ಉಳಿಯಿಂದ ಕೊರೆದ ತೂತು ತೋರಿಸಿದ.
ನನ್ನ ಪೆನ್ಸಿಲು ಅದರಲ್ಲಿ ಅಚ್ಚುಕಟ್ಟಾಗಿ ಕೂತಿತು.

ಒಂಬತ್ತು ಜನ ನಾವು, ಒಂದೇ ಶುಕ್ರವಾರ ಕೆಲಸ ಕಳಕೊಂಡವರು.
ಬೇಕಾದದ್ದು ನಲವತ್ತು ಲಕ್ಷ ಯೂರೊ.
ಬ್ಯಾಂಕಿನವನು ನಗಲಿಲ್ಲ, ಅದೇ ಹೆಚ್ಚು ನೋವಾಯಿತು.
ಸರಿ, ಜಗತ್ತನ್ನೇ ಕೇಳೋಣ ಅಂತಾಯಿತು, ಮೂವತ್ತು ದಿನ.
ಹನಿ ಹನಿ ಕೂಡಿದರೆ ಹಳ್ಳ.
ಏಳುನೂರು ಕೊಟ್ಟವರಿಗೆ ಬರುವ ವರ್ಷ ಫೋನು.
ಇಪ್ಪತ್ತು ಕೊಟ್ಟವರಿಗೆ ಅದಕ್ಕೊಂದು ಉಣ್ಣೆಯ ಚೀಲ,
ಬೂದು ಬಟ್ಟೆ, ಕೆಂಪು ದಾರ, ಹೊಲಿಗೆ ನನ್ನದು.
ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬೇಡಿ ಅನ್ನುತ್ತಾರೆ.
ಇಲ್ಲಿ ಕುಲಾವಿ ಮಾರಿಯೇ
ಕೂಸು ಹುಟ್ಟಬೇಕಿತ್ತು.

ವಿಡಿಯೊ ತೆಗೆದ ದಿನ ಮೇಜಿಗೆ ಕೂತವಳು ನಾನು.
ಮರದ ತುಂಡಿಗೆ ತಂತಿ. ಪರದೆ ಬೆಳಗಿತು.
ತಂಗಿಗೊಂದು ಪತ್ರ ಟೈಪಿಸಿದೆ, ನಾಲ್ಕು ಸಾಲು.
ಮೇಜಿನ ಕೆಳಗೆ, ನನ್ನ ಮೊಣಕಾಲಿಗೆ,
ಬೆಕ್ಕಿನ ಹಾಗೆ ಬೆಚ್ಚಗೆ ತಾಗಿಕೊಂಡಿತ್ತು
ಚಾದರ ಹೊದಿಸಿಟ್ಟ ನಿಜವಾದ ಕಂಪ್ಯೂಟರು.
'ಮುಂದೆ ಆಗೋದನ್ನ ಈಗ ತೋರಿಸ್ತಿದ್ದೀವಿ, ಅಷ್ಟೆ,' ಅಂದ ಓಯ್ವಾ.
ನಾನು ಮೊಣಕಾಲು ಸರಿಸಿಕೊಳ್ಳಲಿಲ್ಲ.

ಮೊದಲ ವಾರ ಅಂಕಿ ಹಾಲಿನಂತೆ ಉಕ್ಕಿತು.
ವಾಲ್ಪರೈಸೊದ ದಂತವೈದ್ಯೆ. ಗ್ಡಾನ್ಸ್ಕ್‌ನ ಅಕ್ಕತಂಗಿಯರು.
ಸರಕು ಹಡಗಿನ ಅಡುಗೆಯವನೊಬ್ಬ, ಹೆಸರು ಎಲಿಸೆಯೊ,
'ನಾನು ಮಲಗುವಲ್ಲಿ ಕಂಪ್ಯೂಟರಿಗೆ ಜಾಗವಿಲ್ಲ' ಎಂದು ಬರೆದು
ಎರಡು ಫೋನಿಗೆ ದುಡ್ಡು ಹಾಕಿದ.
ಎರಡು ಯಾಕೆ?
ಕೇಳಬೇಕೆನಿಸಿತು. ಹೊಲಿಯುವುದು ಬಹಳ ಇತ್ತು.

ಮೂರನೆಯ ವಾರ ಅಂಕಿ
ಮರಳಿಗೆ ಹತ್ತಿದ ದೋಣಿಯಂತೆ ನಿಂತಿತು.
ಓಯ್ವಾ ಅದನ್ನು ಸೌನಾದೊಳಕ್ಕೂ ಒಯ್ದು ನೋಡುತ್ತ ಕೂತ,
ಅವನ ಹಳೆಯ ಫೋನು ಆ ಕಾವಿಗೆ ಸತ್ತುಹೋಯಿತು.
ಅವತ್ತು ಒಂಬತ್ತು ಜನವೂ ನಕ್ಕೆವು, ಕೊನೆಯ ಸಲ.

ಮೂವತ್ತನೆಯ ರಾತ್ರಿ: ಇಪ್ಪತ್ತಮೂರು ಲಕ್ಷದ ಅರವತ್ತು ಸಾವಿರ.
ಪೂರ್ತಿ ತುಂಬಬೇಕು, ಇಲ್ಲವೇ ಏನೂ ಇಲ್ಲ, ಅದು ಕರಾರು.
ಹನಿಗಳು ಹಳ್ಳದಿಂದೆದ್ದು
ತಂತಮ್ಮ ಮೋಡಕ್ಕೆ ಹಿಂತಿರುಗಿದವು.
'ಯಾರಿಗೂ ಮೋಸ ಆಗಲಿಲ್ಲವಲ್ಲ,' ಅಂದ ಓಯ್ವಾ.
ಹೌದು ಅಂದೆ.
ಮೊಣಕಾಲು ಬೆಚ್ಚಗಾಯಿತು.

ಆಲೂಗಡ್ಡೆ ಪೆಟ್ಟಿಗೆಯಲ್ಲಿ ಇನ್ನೂರ ಹನ್ನೆರಡು ಚೀಲ ಉಳಿದವು.
ಒಂದರಲ್ಲಿ ನನ್ನ ಕನ್ನಡಕ. ಒಂದರಲ್ಲಿ
ಚರ್ಚಿನ ಕೀಲಿಕೈ, ಪಕ್ಕದ ಮನೆಯ ಸೆನ್ನಿ ಒಯ್ದದ್ದು.
ಓಯ್ವಾ ಈಗ ಸೊಮೆರೊದಲ್ಲಿ ಮರ ಕೊಯ್ಯುವ ಮಿಲ್ಲಿಗೆ ಹೋಗುತ್ತಾನೆ,
ಆ ಬರ್ಚ್ ತುಂಡನ್ನು ಮರಳಿ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಎಲಿಸೆಯೊನ ಕಾಗದ:
ದುಡ್ಡು ಬಂತು, ಸರಿ. ಚೀಲ ಕೊಡುವಿರಾ?
ಎರಡು ಕಳಿಸಿದೆ.
ಎರಡು ತಿಂಗಳು ಕಳೆದು ಯಾವುದೋ ಬಂದರಿನಿಂದ ಉತ್ತರ ಬಂತು:
'ಒಂದರಲ್ಲಿ ಉಪ್ಪು ತಾಗದಂತೆ ಬೆಂಕಿಪೊಟ್ಟಣ ಇಟ್ಟಿದ್ದೇನೆ.
ಇನ್ನೊಂದು ಮಗಳಿಗೆ ಕೊಟ್ಟೆ.
ಒಳಗೆ ಏನಿತ್ತು ಅಂತ ಕೇಳಿದಳು.'

ಉತ್ತರ ಬರೆಯಬೇಕು.
ಪೆನ್ಸಿಲು ಕಿಟಕಿಯ ಹತ್ತಿರ
ಆ ತೂತಿನಲ್ಲೇ ಇದೆ.