'ಬ' ಗುಂಪು

ದುಧನಿಯ ಶಾಲೆಯಲ್ಲಿ ನನಗೆ ಎರಡು ಕೋಣೆ ಕೊಟ್ಟರು.
ನಡುವೆ ಒಂದು ಗೋಡೆ. ಗೋಡೆಯ ನೆತ್ತಿಗೆ
ಗುಬ್ಬಿ ಹೋಗಿಬರುವಷ್ಟೇ ಕಿಂಡಿ.
'ಅ' ಗುಂಪಿಗೆ ಹಾಡು, ವಾರಕ್ಕೆ ಮೂರು ದಿನ, ನಲವತ್ತು ನಿಮಿಷ.
'ಬ' ಗುಂಪಿಗೆ ಏನೂ ಇಲ್ಲ.
ಏನೂ ಇಲ್ಲ ಎಂಬುದನ್ನೂ ಇಲ್ಲಿ
ಔಷಧದ ಹಾಗೆ ಅಳೆದು ಕೊಡಬೇಕು,
ಎಷ್ಟು ಕೊಟ್ಟೆ ಎಂದು ಬರೆದಿಡಬೇಕು.

ಪ್ರಶ್ನೆಗಳು ಪುಣೆಯಿಂದ ಬಂದವು, ಕನ್ನಡಕ್ಕೆ ತಂದವಳು ನಾನು.
ಕಳೆದ ಎರಡು ವಾರಗಳಲ್ಲಿ ನಿಮಗೆ ಎಷ್ಟು ಸಲ ಆತಂಕವಾಯಿತು?
ಎಂದೂ ಇಲ್ಲ. ಅಪರೂಪಕ್ಕೆ. ಒಮ್ಮೊಮ್ಮೆ. ಆಗಾಗ. ಯಾವಾಗಲೂ.
ಒಂಬತ್ತನೇ ಇಯತ್ತೆಯ ಮಶಾಕಬಿ ಪೆನ್ನಿನ ಟೋಪಿ ಕಚ್ಚಿ ಕೇಳಿದಳು:
"ಆತಂಕ ಅಂದ್ರ ಏನ್ರಿ ಬಾಯಾರ?"
ಮಾತು ಸಿಗದೆ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ.
"ಓ, ಜೀವ ಝಲ್ಲ ಅನ್ನೂದು!
ಹಂಗ ಬರೀಬೇಕಿಲ್ರಿ ಮತ್ತ."
ನಲವತ್ನಾಲ್ಕು ಹಾಳೆಗಳಲ್ಲಿ ಆತಂಕಕ್ಕೆ ಗೀಟು ಎಳೆದು
ಮೇಲೆ ಅವಳ ಮಾತು ಬರೆಯುತ್ತ ಕೂತೆ, ಸಂಜೆಯ ತನಕ.

ಹಾರ್ಮೋನಿಯಂ ಭಜನಿ ಮೇಳದ್ದು, ಹಳೆಯದು.
ಕರಿ ಮಣಿಯೊಂದು ಒತ್ತಿದರೆ ಮತ್ತೆ ಮೇಲೇಳದು.
ಹಾಡು ಮುಗಿದರೂ, ಬಾಯಿ ಮುಚ್ಚಿದರೂ,
ತಿದಿಯಲ್ಲಿ ಗಾಳಿ ಇರುವ ತನಕ
ಆ ಒಂದು ಸ್ವರ ಎದ್ದು ಹೋಗಲೊಲ್ಲದ ನೆಂಟ.
ಹೋಟಗಿ ಕಡೆಯ ಗೂಡ್ಸ್ ಗಾಡಿ ಹಾಯುವಾಗ ಎಲ್ಲ ನಿಲ್ಲುತ್ತಿತ್ತು.
ಗಾಡಿ ಹೋದ ಮೇಲೆ ಮೊದಲು ಕೇಳುತ್ತಿದ್ದುದೂ ಅದೇ.

'ಬ' ಗುಂಪಿನ ಅಮೋಗಸಿದ್ಧ
ಮೊದಲ ದಿನ ಎಲ್ಲದಕ್ಕೂ 'ಯಾವಾಗಲೂ' ಎಂದು ಗುರುತು ಹಾಕಿದ್ದ.
ಎಷ್ಟು ಒತ್ತಿದ್ದನೆಂದರೆ
ಕೆಳಗಿನ ಹಾಳೆಯಲ್ಲೂ, ಅದರ ಕೆಳಗಿನದರಲ್ಲೂ ತಗ್ಗು.
ಎಂಟನೇ ವಾರ ಕೂಡಿಸಿ ನೋಡಿದೆ, ಕಳೆದು ನೋಡಿದೆ:
ಎಲ್ಲರಿಗಿಂತ ಇಳಿದದ್ದು ಅವನ ಸಂಖ್ಯೆ.
ಏನೂ ಕೊಡದ ಹುಡುಗ!

ಕರೆದು ಕೇಳಿದರೆ, ಕಾಲ್ಬೆರಳಿನಿಂದ ನೆಲ ಕೆರೆಯುತ್ತ:
"ಆ ಗ್ವಾಡಿಗಿ ಬೆನ್ನ ಹಚ್ಚಿ ಕುಂದರ್ತೀನ್ರಿ.
ಹಾಡ ತಿಳ್ಯಂಗಿಲ್ಲ. ಆ ಮಣಿ ಸಿಕ್ಕೊಂಡದಲ್ರಿ, ಅದಷ್ಟ ಬರ್ತದ.
ಕಿವಿಲೆ ಅಲ್ರಿ, ಬೆನ್ನಿಲೆ.
ನಮ್ಮವ್ವನ ಬ್ಯಾಳಿ ಗಿರಣಿ ಹಂಗ ಇತ್ತರಿ.
ಅದು ನಡದಿತ್ತಂದ್ರ ಅಕಿ ಒಳಗ ಅದಾಳಂತ
ಮನ್ಯಾಗ ಮಕ್ಕೊಂಡವಗ ಗೊತ್ತಾಗ್ತಿತ್ತು."

ಇತ್ತು, ಅಂದ.
ನಾನು ಮುಂದೆ ಕೇಳಲಿಲ್ಲ.
ನನ್ನ ಮೂವತ್ತು ಪ್ರಶ್ನೆಗಳಲ್ಲಿ ಆ ಪ್ರಶ್ನೆ ಇರಲಿಲ್ಲ.

ಫೋನಿನಲ್ಲಿ ಗೈಡ್ ನಕ್ಕರು: ಕಲಬೆರಕೆ ಆಗಿದೆ,
ಆ ಹುಡುಗನನ್ನು ಲೆಕ್ಕದಿಂದ ತೆಗೆ.
ಮಶಾಕಬಿಯ ಸಂಖ್ಯೆ ಏರಿದೆಯಲ್ಲ ಸರ್, ಎಂದೆ,
ಹಾಡಿದ ದಿನವೇ ಅಳು ಬರುತ್ತದಂತೆ, ಮೊದಲು ಬರುತ್ತಿರಲಿಲ್ಲವಂತೆ,
ಅದನ್ನು ನಗುತ್ತಲೇ ಹೇಳಿದಳು.
ಪಟ್ಟಿಯ ಪ್ರಕಾರ ಅವಳು ಹದಗೆಟ್ಟಿದ್ದಾಳೆ.
ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ;
ನೆಟ್‌ವರ್ಕ್ ಹೋಗಿರಬೇಕು. ದುಧನಿಯಲ್ಲಿ ಹೋಗುತ್ತದೆ.

ಬಡಿಗೇರರಿಂದ ಟೇಪು ತಂದು ಗೋಡೆ ಅಳೆದೆ.
ಒಂಬತ್ತು ಇಂಚು, ಗಿಲಾವು ಸೇರಿ ಹತ್ತು.
ಪ್ರಬಂಧದಲ್ಲಿ ಇದನ್ನು ಎಲ್ಲಿ ಹಾಕಲಿ?
ವಿಧಾನದಲ್ಲೋ, ಮಿತಿಗಳಲ್ಲೋ,
ಕೃತಜ್ಞತೆಯಲ್ಲೋ.

ಕೊನೆಯ ವಾರ 'ಬ' ಗುಂಪಿನ ಪಾಳಿ. ನಿಯಮವೂ ಹಾಗೇ ಇದೆ:
ಕೊಡದೆ ಇಟ್ಟದ್ದನ್ನು ಕೊಟ್ಟೇ ಹೋಗಬೇಕು.
ಮೇಳದ ಯಜಮಾನರು ಬಂದು ಮಣಿ ರಿಪೇರಿ ಮಾಡಿದ್ದರು,
ಬೇಡ ಎನ್ನುವಷ್ಟರಲ್ಲಿ ಮಾಡಿಬಿಟ್ಟಿದ್ದರು.
ಎಲ್ಲರೂ ಪೆಟ್ಟಿಗೆಯ ಸುತ್ತ ಮುತ್ತಿದರು.
ಅಮೋಗಸಿದ್ಧ ಹೋಗಿ ಅದೇ ಗೋಡೆಗೆ,
ಈ ಕಡೆಯಿಂದ, ಬೆನ್ನು ಕೊಟ್ಟು ಕೂತ.

"ಈಗ ಆ ಕಡಿ ಯಾರ ಅದಾರ್ರಿ?"
ಯಾರೂ ಇಲ್ಲ ಎಂದೆ.
ಅವನು ಪೆನ್ಸಿಲಿನಿಂದ ಗೋಡೆಗೆ ಎರಡು ಸಲ ತಟ್ಟಿ
ತಲೆ ವಾಲಿಸಿ
ಕಾದ.