ಮೂವತ್ತೆರಡು

ಮುಂಬೈಯಿಂದ ಬಂದ ಫೈಲು ತೆರೆದಾಗ
ಪರದೆಯ ನಟ್ಟನಡುವೆ ಒಂದು ಚುಕ್ಕಿ.
ಧೂಳೆಂದುಕೊಂಡು ದುಪಟ್ಟಾದ ತುದಿಯಿಂದ ಒರೆಸಿದೆ,
ಹೋಗಲಿಲ್ಲ.
ಹಿಗ್ಗಿಸಿದೆ, ಇನ್ನಷ್ಟು ಹಿಗ್ಗಿಸಿದೆ:
ಅದೊಂದು ಪ್ಯಾಂಟು.
ಮೂವತ್ತೆರಡು ಇಂಚಿನ ಸೊಂಟ
ಮೂವತ್ತೆರಡು ಮಿಲಿಮೀಟರಾಗಿ ಮುದುಡಿ ಕೂತಿತ್ತು.

"ನಿನ್ನ ಪೆನ್ನಿಗೆ ತೊಡಿಸೋಣೇನವ್ವ?"
ಎಂದ ಕಟಿಂಗ್ ಟೇಬಲ್ಲಿನ ಹುಸೇನಪ್ಪ.
ಕೌಲ್ ಬಜಾರಿನ ಈ ಶೆಡ್ಡಿನ
ಹದಿನಾಲ್ಕು ಮಷೀನೂ ಆ ಮಾತಿಗೇ ಎಂಬಂತೆ
ಒಮ್ಮೆಲೇ ಸುಮ್ಮನಾದವು.
ಕರೆಂಟು ಹೋಗಿತ್ತು, ಅಷ್ಟೆ.

ಯುಪಿಎಸ್ಸು ಕೀ ಕೀ ಎನ್ನುತ್ತಿರುವಾಗಲೇ
ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಗುಣಿಸಿದೆ.
ಪ್ಯಾಂಟು ಬೆಳೆಯಿತು, ಆದರೆ ಪೆದ್ದಾಗಿ.
ಸೀಟಿನ ಬಾಗು ಮುರಿದು
ನಲವತ್ತು ಮೊಂಡು ಗೆರೆಗಳಾಗಿತ್ತು.
ಕಚ್ಚುಗಳಿಲ್ಲ, ಎಳೆಯ ದಿಕ್ಕು ತೋರುವ ಬಾಣವಿಲ್ಲ,
ಹಿಂಜೇಬು ಕಾಲು ಬಿಟ್ಟು ದೂರ ನಿಂತಿತ್ತು
ಮುನಿಸಿಕೊಂಡ ಮಗುವಿನ ಹಾಗೆ.
ಬರೆದಿದ್ದ ಸೂಚನೆಗಳೆಲ್ಲ ಸಾಲು ಸಾಲು ಪ್ರಶ್ನೆಚಿಹ್ನೆ.

"ನಮ್ಮಲ್ಲಿ ಸರಿಯಾಗೇ ತೆರೀತದಲ್ಲ ಮೇಡಂ"
ಎಂದಿತು ಫೋನು.
ಸುಳ್ಳೇನಲ್ಲ.
ಅವರವರ ಮನೆಯಲ್ಲಿ ಎಲ್ಲರದ್ದೂ ತೆರೆಯುತ್ತದೆ.

ಕರೆಂಟು ಮರಳಿದಾಗ
ಪುಂಡಲೀಕರಾವ್ ಮಾಸ್ಟರ್ ಸ್ಟೂಲು ಎಳೆದು ಕೂತರು,
ಕಂಕುಳಲ್ಲಿ ಅಜ್ಜನ ಪುಸ್ತಕ:
ಕಂಟೋನ್ಮೆಂಟಿನ ಸಿಪಾಯಿಗಳ ಅಳತೆ
ಮೋಡಿ ಲಿಪಿಯಲ್ಲಿ, ಪುಟಕ್ಕೊಬ್ಬ.
"ಗೆರಿ ತಿಳೀತಾವ. ಅಕ್ಷರ ನನಗೂ ಬರಂಗಿಲ್ಲ,
ನಮ್ಮಪ್ಪಗೂ ಬರ್ತಿರಲಿಲ್ಲ" ಎನ್ನುತ್ತ
ಒಂದು ಬಾಗಿನ ಮೇಲೆ ಬೆರಳಾಡಿಸಿದರು.
ಯಾರವನೋ, ಏನು ಹೆಸರೋ,
ಎಡದೊಡೆ ಬಲದೊಡೆಗಿಂತ ಕಾಲು ಗಿರಾ ದಪ್ಪ;
ಅಷ್ಟು ಮಾತ್ರ ಉಳಿದಿದ್ದಾನೆ.

ಒಂದೊಂದೇ ಮೊನೆ ಕಿತ್ತೆ.
"ಇನ್ನೊಂಚೂರು ಹೊಟ್ಟಿ ತಗೀ... ಸಾಕು,
ಕುಂತ್ರ ಹರೀಬಾರದು" ಎಂದು ಮಾಸ್ಟರು
ತಾವೇ ಎದ್ದು, ಕೂತು, ಮತ್ತೆ ಎದ್ದು ತೋರಿಸಿದರು.
ಆ ಕೂರುವುದನ್ನು ಯಾವ ಫೈಲಿನಲ್ಲಿ ಕಳಿಸುವುದು?
ಜೇಬು ಕರೆತಂದೆ. ಬಾಣ ಎಳೆದೆ.
ಕಚ್ಚುಗಳನ್ನು ಅಂದಾಜಿನ ಮೇಲೆ ಹಾಕಿದೆ,
ಎರಡು ತಪ್ಪಿರಬಹುದು.

ರಾತ್ರಿ ಒಂಬತ್ತಕ್ಕೆ ಪ್ಲಾಟರು ಕಾಗದ ಉಗುಳಿತು.
ಹುಸೇನಪ್ಪ ಉಕ್ಕಿನ ಪಟ್ಟಿ ಹಿಡಿದು
ನಾಲ್ಕೂ ತುಂಡಿನ ಸೊಂಟ ಕೂಡಿಸಿದ,
ಹೊಲಿಗೆಯಂಚು ಕಳೆದ.
"ಮೂವತ್ತೆರಡು."

ಉಳಿಸಲು ಹೋದರೆ ಕೇಳಿತು: ಯಾವ ರೂಪದಲ್ಲಿ?
ಪಟ್ಟಿಯ ಕೆಳಗಿಳಿದು
ಎಲ್ಲಕ್ಕಿಂತ ಹಳೆಯದನ್ನು ಒತ್ತಿದೆ.
ಆಮೇಲೆ ಕಾಗದದ ಮೂಲೆಯಲ್ಲಿ,
ಯಾವುದಕ್ಕೂ ಇರಲಿ ಎಂದು,
ಅದೇ ಪೆನ್ನಿನಿಂದ ಬರೆದೆ:
ಇಂಚು.